ಮೂವರಿಗೂ ಒಂದೇ ಹೆಸರು

ವಾಡಿಯ ಸ್ಟೇಷನ್ ರಸ್ತೆಯಲ್ಲಿ ನಮ್ಮ ಅಕ್ಕನದೊಂದು ಆನ್‌ಲೈನ್ ಸೆಂಟರ್ ಇದೆ. ಝೆರಾಕ್ಸ್, ಸ್ಕ್ಯಾನ್, ಪ್ಯಾನ್ ಕಾರ್ಡ್, ಸ್ಕಾಲರ್‌ಶಿಪ್ ಅರ್ಜಿ, ರೈಲ್ವೆ ಪರೀಕ್ಷೆ ಫಾರ್ಮ್, ಎಲ್ಲಾ ಅಲ್ಲೇ. ಶಹಾಬಾದ್ ಕಲ್ಲಿನ ನೆಲ, ಮೂರು ಕುರ್ಚಿ, ಒಂದು ಪ್ರಿಂಟರ್, ಒಂದೇ ಒಂದು ಕಂಪ್ಯೂಟರ್. ಹಳೇ ಮಷಿನ್ ಅದು, ವಿಂಡೋಸ್ ಹೊರಲಾರದೆ ಏದುಸಿರು ಬಿಡ್ತಿತ್ತು. ಅದಕ್ಕೆ ಉಬುಂಟು ಹಾಕಿಕೊಟ್ಟವನು ನಾನು. ಹಾಕುವಾಗ ಅಕೌಂಟ್ ಹೆಸರು ಏನಿಡಲಿ ಅಂತ ಕೇಳಿದ್ದೆ. "ಆಫೀಸ್ ಅಂತ ಇಡು, ಸಾಕು" ಅಂದಿದ್ದಳು ಅಕ್ಕ.

ಆ 'ಆಫೀಸ್' ಅಕೌಂಟಿನಲ್ಲಿ ಮೂವರು ಕೂರುತ್ತಿದ್ದರು. ಅಕ್ಕ, ಪಿಯುಸಿ ಓದುವ ಅವಳ ಮಗ, ಮತ್ತೆ ಶಹಾಬಾದ್‌ನಿಂದ ದಿನಾ ರೈಲಿಗೆ ಬರುತ್ತಿದ್ದ ಒಬ್ಬ ಹುಡುಗಿ. ಬಿ.ಕಾಂ. ಮುಗಿಸಿದ್ದಳು, ಟೈಪಿಂಗ್ ಚುರುಕು, ಕ್ಯಾಶ್ ಡ್ರಾವರ್ ಕೂಡ ಅವಳೇ ನೋಡಿಕೊಳ್ಳುತ್ತಿದ್ದಳು. ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರ್ ಹಿಂದೆ ಪೆನ್ನಿನಲ್ಲಿ ಬರೆದಿತ್ತು.

ದೀಪಾವಳಿ ಪೂಜೆಗೆ ಹಳೇ ಲೆಕ್ಕ ಮುಗಿಸಬೇಕಲ್ಲ, ಆವಾಗ ಅಕ್ಕನ ಫೋನ್ ಬಂತು. "ಏ ತಮ್ಮಾ, ಹ್ವಾದ ವರ್ಷದ ಉದ್ರಿ ಲೆಕ್ಕದ ಫೈಲೇ ಕಾಣವಲ್ದು ನೋಡೋ. ಇಡೀ ಫೋಲ್ಡರೇ ಇಲ್ಲ." ಉದ್ರಿ ಕೊಟ್ಟವರ ಹೆಸರು, ಬಂದ ದುಡ್ಡು, ಬರಬೇಕಾದ ದುಡ್ಡು ಎಲ್ಲಾ ಅದರಲ್ಲೇ ಇತ್ತು. ಟ್ರ್ಯಾಶ್‌ನಲ್ಲೂ ಇಲ್ಲ. ಯಾರು ಅಳಿಸಿದರು ಅಂತ ಕೇಳಿದರೆ ಕಂಪ್ಯೂಟರ್ ಕೊಡುವ ಉತ್ತರ ಒಂದೇ: ಆಫೀಸ್.

ಕ್ಯಾಶ್ ನೋಡೋಳು ಆಕಿ, ಲೆಕ್ಕ ಹೋಗಿದ್ದೂ ಕ್ಯಾಶಿಂದೇ. ಅಕ್ಕಪಕ್ಕದ ಅಂಗಡಿಯವರು ಒಂದಕ್ಕೊಂದು ಕೂಡಿಸಿದರು. ಹುಡುಗಿ "ನಾ ಅಳಿಸಿಲ್ರಿ ಅಕ್ಕಾರ, ಬೇಕಾದ್ರ ಆಣಿ ಮಾಡ್ತೀನಿ" ಅಂದಳಂತೆ. ಅಕ್ಕ ಕೆಲಸ ಬಿಡು ಅನ್ನಲಿಲ್ಲ. ಆದರೆ ಕ್ಯಾಶ್ ಡ್ರಾವರ್ ಕೀಲಿ ಇಸಕೊಂಡಳು. ಮರುದಿನದಿಂದ ಹುಡುಗಿ ಬರಲಿಲ್ಲ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಮೊಬೈಲ್ ಸಂಗತಿ ಬರೆಯುವವನು ನಾನು. ಈ ಸಲ ಕಪ್ಪು ಪರದೆಯ ಎರಡು ಕಮಾಂಡ್ ಬಗ್ಗೆ ಬರೆಯೋದಕ್ಕೆ ಕಾರಣ ಮೇಲಿನ ಕಥೆ. ನಿಮ್ಮಲ್ಲಿ ಕೆಲವರು ಆಫೀಸ್‌ನಲ್ಲಿ ದಿನಕ್ಕೆ ಹತ್ತು ಸಲ ಇವನ್ನು ಹೊಡೆಯುವವರೇ ಇರಬಹುದು. ನಾನೂ ಹೊಡೆಯುತ್ತೇನೆ, ಸಂಬಳ ಬರೋದೇ ಅದಕ್ಕೆ. ಅದಕ್ಕೇ ನಾಚಿಕೆ ಜಾಸ್ತಿ.

ಮೊದಲು ಒಂದು ಮಾತು. ಲಿನಕ್ಸ್ ಕಂಪ್ಯೂಟರ್ ಒಬ್ಬರದು ಅಂತ ಹುಟ್ಟಿದ್ದೇ ಅಲ್ಲ. ಅದರ ಹಿರಿಯಜ್ಜ ಯುನಿಕ್ಸ್ 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾಯ್ತು. ಕಂಪ್ಯೂಟರ್ ದುಬಾರಿ, ಒಂದೇ ಮಷಿನ್‌ಗೆ ಹಲವು ಟರ್ಮಿನಲ್, ಹಲವು ಜನ. ಹಾಗಾಗಿ ಯಾರು ಯಾರು ಅನ್ನೋದನ್ನು ಬೇರೆ ಬೇರೆ ಇಡಬೇಕಿತ್ತು. ಇವತ್ತಿಗೂ ಒಳಗೆ ನಡೆಯೋದು ಅದೇ ಪದ್ಧತಿ. ಪ್ರತಿ ಅಕೌಂಟ್‌ಗೂ ಒಂದು ನಂಬರ್. ಉಬುಂಟುನಲ್ಲಿ ಮೊದಲು ಮಾಡಿದ ಅಕೌಂಟ್ 1000, ಅದರ ಮುಂದಿನದು 1001. ಎಲ್ಲದರ ಮೇಲೆ 'ರೂಟ್' ಅನ್ನೋ ಯಜಮಾನ, ಅವನ ನಂಬರ್ 0. ಫೈಲಿನ ಹತ್ತಿರ ಹೋದಾಗ ಸಿಸ್ಟಮ್ ನಿಮ್ಮ ಮುಖ ನೋಡಲ್ಲ, ಹೆಸರೂ ನೋಡಲ್ಲ, ಆ ನಂಬರ್ ನೋಡುತ್ತೆ. 0 ಬಂದರೆ ಬಾಗಿಲೆಲ್ಲಾ ತೆರೆದಂತೆ.

ಕೂತ ಜಾಗದಿಂದ ಏಳದೆ, ಲಾಗೌಟ್ ಆಗದೆ, ಬೇರೆಯವರಾಗೋದಕ್ಕೆ ಇರುವ ಹಳೇ ಕಮಾಂಡ್ 'ಎಸ್‌ಯು'. ಇಂಗ್ಲಿಷಿನ ಎಸ್ ಮತ್ತು ಯು, ಎರಡೇ ಅಕ್ಷರ. 1971ರ ಯುನಿಕ್ಸ್ ಕೈಪಿಡಿಯಲ್ಲೇ ಇದೆ. ಎಸ್‌ಯು ಬರೆದು ಪಕ್ಕದಲ್ಲಿ ಯಾರಾಗಬೇಕೋ ಅವರ ಅಕೌಂಟ್ ಹೆಸರು ಬರೆದರೆ ಪಾಸ್‌ವರ್ಡ್ ಕೇಳುತ್ತೆ. ಟೈಪ್ ಮಾಡುವಾಗ ಚುಕ್ಕಿಯೂ ಕಾಣಲ್ಲ, ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹೆಸರು ಬರೆಯದೆ ಬಿಟ್ಟರೆ ರೂಟ್ ಆಗಬೇಕು ಅಂತಲೇ ಅರ್ಥ. ಮುಗಿದ ಮೇಲೆ 'ಎಕ್ಸಿಟ್' ಅಂತ ಹೊಡೆದರೆ ಮತ್ತೆ ನೀವು ನೀವೇ. ಕೆಲವರು ಎಕ್ಸಿಟ್ ಮಾಡದೆ, ವಾಪಸ್ ಬರೋದಕ್ಕೂ ಇನ್ನೊಮ್ಮೆ ಎಸ್‌ಯು ಹೊಡೀತಾರೆ. ಅದು ಅಂಗಿ ಬಿಚ್ಚದೆ ಅದರ ಮೇಲೆ ಇನ್ನೊಂದು ಅಂಗಿ ತೊಟ್ಟಂಗೆ. ಮೇಲಿಂದ ನೋಡಿದರೆ ಸರಿಯಾಗೇ ಕಾಣುತ್ತೆ, ಒಳಗೆ ರೂಟ್‌ನ ಅಂಗಿ ಹಾಗೇ ಇರುತ್ತೆ.

ಎಸ್‌ಯು ಕೇಳೋದು ನಿಮ್ಮ ಪಾಸ್‌ವರ್ಡ್ ಅಲ್ಲ, ಯಾರಾಗ್ತೀರೋ ಅವರ ಪಾಸ್‌ವರ್ಡ್. ಅಂದರೆ ಐದು ಜನ ರೂಟ್ ಆಗಬೇಕಾದರೆ ಐದೂ ಜನಕ್ಕೆ ರೂಟ್ ಪಾಸ್‌ವರ್ಡ್ ಗೊತ್ತಿರಬೇಕು. ಐವರಿಗೆ ಗೊತ್ತಿರೋ ಗುಟ್ಟು ಗುಟ್ಟಾಗಿ ಉಳಿಯೋದಿಲ್ಲ, ಕ್ಯಾಲೆಂಡರ್ ಹಿಂದೆ ಹೋಗುತ್ತೆ.

ಇದು ತಿಳಿದೇ ಉಬುಂಟು ಮಾಡಿದವರು ರೂಟ್ ಪಾಸ್‌ವರ್ಡ್‌ಗೆ ಬೀಗ ಹಾಕಿಯೇ ಕೊಡುತ್ತಾರೆ. ಬರೀ ಎಸ್‌ಯು ಹೊಡೆದರೆ ಒಳಗೆ ಬಿಡಲ್ಲ. ನಾನು ಹಳೇ ರೂಢಿಯವನು. ಅಕ್ಕನ ಮಷಿನ್‌ನಲ್ಲಿ ರೂಟ್‌ಗೆ ಬೇರೆ ಪಾಸ್‌ವರ್ಡ್ ಕೊಟ್ಟು ಆ ಬೀಗ ನಾನೇ ತೆಗೆದಿದ್ದೆ.

ಇನ್ನೊಂದು ಸಣ್ಣ ವಿಷಯ, ಇಡೀ ಪುರಾಣ ಇರೋದು ಇಲ್ಲೇ. ಎಸ್‌ಯು ಪಕ್ಕದಲ್ಲಿ ಜಾಗ ಬಿಟ್ಟು ಒಂದು ಅಡ್ಡಗೀಟು ಹಾಕಿದರೆ, ಆ ವ್ಯಕ್ತಿ ಹೊಸದಾಗಿ ಲಾಗಿನ್ ಆದಂತೆ ಅವರ ಮನೆ ಫೋಲ್ಡರ್‌ನಲ್ಲಿ ನಿಲ್ಲಿಸುತ್ತೆ. ಅಡ್ಡಗೀಟು ಮರೆತರೆ ಆಳು ಬದಲಾಗುತ್ತಾನೆ, ಜಾಗ ಬದಲಾಗಲ್ಲ. ನೀವು ರೂಟ್, ಆದರೆ ನಿಂತಿರೋದು ಮೊದಲು ನಿಂತಿದ್ದ ಫೋಲ್ಡರ್‌ನಲ್ಲೇ.

ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ಹೊಲಕ್ಕೆ ಹೋಗಿ ಭಜ್ಜಿ, ರೊಟ್ಟಿ ಉಂಡು ಬಂದ ಸಂಜೆ, ಕಳೆದ ಫೋಲ್ಡರ್ ಏನಾದರೂ ಸಿಗುತ್ತಾ ಅಂತ ಅಕ್ಕನ ಅಂಗಡಿಯಲ್ಲಿ ಕೂತೆ. ಅಳಿಯ ಪಕ್ಕದಲ್ಲಿದ್ದ. ಈಗ ಕೂತಿರೋದು ಯಾರು ಅಂತ ಕೇಳುವ ಕಮಾಂಡ್ ಒಂದಿದೆ, 'ಹೂ ಆ್ಯಮ್ ಐ' ಅನ್ನೋದನ್ನು ಜಾಗ ಬಿಡದೆ ಕೂಡಿಸಿ ಬರೆಯೋದು. ಅದನ್ನು ತೋರಿಸಿದೆ. ಅವನು ನಕ್ಕ. "ಮಾಮಾ, ಅದು ಯಾರ್ ಕುಂತ್ರೂ ಆಫೀಸ್ ಅಂತೇ ಹೇಳ್ತದ."

ಸಿಸ್ಟಮ್ ದಾಖಲೆ ನೋಡಿದೆ. ಯಾರು ಯಾವಾಗ ಎಸ್‌ಯು ಮಾಡಿದರು ಅನ್ನೋದು ಅದರಲ್ಲಿ ಬರೆದಿರುತ್ತೆ. ಆದರೆ ಆ ಫೈಲ್ ವಾರಕ್ಕೊಮ್ಮೆ ಹೊಸದಾಗುತ್ತೆ, ಹಳೇವು ನಾಲ್ಕು ಮಾತ್ರ ಉಳೀತವೆ. ದೀಪಾವಳಿ ಹಿಂದಿನದು ಯಾವುದೂ ಇರಲಿಲ್ಲ. ಉಳಿದದ್ದು ಹಿಸ್ಟರಿ, ಅಂದರೆ ಹೊಡೆದ ಕಮಾಂಡ್‌ಗಳ ಪಟ್ಟಿ. ಆಫೀಸ್ ಅಕೌಂಟಿನ ಪಟ್ಟಿಯಲ್ಲಿ ಎಸ್‌ಯು, ಅಷ್ಟೇ. ರೂಟ್‌ನ ಪಟ್ಟಿ ತೆಗೆದೆ. ನಾಲ್ಕೈದು ಸಾಲು. ಅದರಲ್ಲೊಂದು, 'ಓಲ್ಡ್' ಅನ್ನೋ ಫೋಲ್ಡರನ್ನು ಒಳಗಿದ್ದದ್ದೆಲ್ಲಾ ಸೇರಿಸಿ ಅಳಿಸುವ ಕಮಾಂಡ್. ತಾರೀಖು, ವೇಳೆ ಏನೂ ಇಲ್ಲ. ನಾವಾಗಿ ಹೇಳದಿದ್ದರೆ ಆ ಪಟ್ಟಿ ವೇಳೆ ಬರೆದಿಡಲ್ಲ.

ನೋಡಿದ ಕೂಡಲೇ ಅರ್ಥ ಆಯ್ತು. ಪಂಚಮಿಗೆ ಬಂದಾಗ ಅಕ್ಕ "ಡಿಸ್ಕ್ ತುಂಬ್ಯದ ಅಂತ ಹೇಳ್ಲತ್ತದ" ಅಂದಿದ್ದಳು. ಹಳೇ ಮಷಿನ್‌ನಿಂದ ತಂದ ಬೇಡದ ಸಾಮಾನೆಲ್ಲಾ ನಾನು ರೂಟ್‌ನ ಮನೆಯಲ್ಲಿ ಓಲ್ಡ್ ಅನ್ನೋ ಫೋಲ್ಡರ್ ಮಾಡಿ ಇಟ್ಟಿದ್ದೆ. ಅದನ್ನು ಅಳಿಸಿದೆ. ರೈಲಿಗೆ ಹೊತ್ತಾಗಿತ್ತು, ಅವಸರದಲ್ಲಿದ್ದೆ.

ರೂಟ್‌ನ ಮನೆ ಫೋಲ್ಡರ್ ತೆರೆದು ನೋಡಿದೆ. ನಾನು ಅಳಿಸಿದೆ ಅಂದುಕೊಂಡಿದ್ದ ಓಲ್ಡ್ ಅಲ್ಲೇ ಇತ್ತು. ಒಂದು ಫೈಲೂ ಕಡಿಮೆಯಾಗಿರಲಿಲ್ಲ.

ಆ ದಿನ ನಾನು ಅಡ್ಡಗೀಟು ಹಾಕಿರಲಿಲ್ಲ. ರೂಟ್ ಆಗಿ ನಿಂತಿದ್ದು ಆಫೀಸ್‌ನ ಮನೆಯಲ್ಲಿ. ಹೋದ ವರ್ಷದ ಉದ್ರಿ ಲೆಕ್ಕ ಇಡೋಕೆ ಅಂತ ಹುಡುಗಿ ಅಲ್ಲೊಂದು ಓಲ್ಡ್ ಫೋಲ್ಡರ್ ಮಾಡಿದ್ದಳು. ರೂಟ್ ಆದಾಗ ಸಾಲಿನ ಕೊನೆಯ ಡಾಲರ್ ಚಿಹ್ನೆ ಹೋಗಿ ಹ್ಯಾಶ್ ಚಿಹ್ನೆ ಬರುತ್ತೆ, ಅದರ ಹಿಂದೆಯೇ ಯಾವ ಫೋಲ್ಡರ್‌ನಲ್ಲಿದ್ದೀರಿ ಅಂತಲೂ ಬರೆದಿರುತ್ತೆ. ಕಣ್ಣೆದುರೇ ಬರೆದಿತ್ತು. ನಾನು ಓದಲಿಲ್ಲ. ರೂಟ್ ಹೇಳಿದ್ದನ್ನು ಸಿಸ್ಟಮ್ ಮರುಮಾತಿಲ್ಲದೆ ಮಾಡಿ ಮುಗಿಸುತ್ತೆ, ಟ್ರ್ಯಾಶ್‌ಗೂ ಹಾಕಲ್ಲ.

ಅಳಿಯನಿಗೆ ಅಷ್ಟೊತ್ತಿಗೆ ಗೊತ್ತಾಗಿತ್ತು. "ಮಾಮಾ, ಇದು ನೀವೇ ಏನ್?" ಅಂದ. ಹೌದು ಅಂದೆ. ಒಳಗಿದ್ದ ಅಕ್ಕನ್ನ ಕರೆದು ಹೇಳಿದೆ. ಅಕ್ಕ ಬೈಯಲಿಲ್ಲ, ಭಾಳ ಹೊತ್ತು ಸುಮ್ಮನೆ ಕೂತಳು.

ಹಾಗಾದರೆ ಇನ್ನೊಬ್ಬರ ಕೆಲಸ ನಾವು ಮಾಡಬೇಕಾದಾಗ ಏನು ಮಾಡಬೇಕು? ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಹಳೇ ಉತ್ತರ ಇದೆ. ತಹಶೀಲ್ದಾರರು ರಜೆ ಹಾಕಿದರೆ ಇನ್ನೊಬ್ಬರಿಗೆ ಪ್ರಭಾರ ಕೊಡ್ತಾರೆ. ಪ್ರಭಾರದವರು ತಹಶೀಲ್ದಾರರ ಸಹಿಯನ್ನೇ ಮಾಡಲ್ಲ. ತಮ್ಮ ಸಹಿ ಹಾಕಿ, ಕೆಳಗೆ 'ಪ್ರಭಾರ' ಅಂತಲೋ 'ಪರವಾಗಿ' ಅಂತಲೋ ಬರೀತಾರೆ. ಅಧಿಕಾರ ಅವರದು, ಹೆಸರು ಇವರದು. ಎಸ್‌ಯು ಅನ್ನೋದು ಅವರ ಸೀಲು ಇಸಕೊಂಡು ಹೊಡೆದಂಗೆ. ಪ್ರಭಾರದ ಕಮಾಂಡ್ ಬೇರೆ ಇದೆ. ಅದರ ಹೆಸರು 'ಸುಡೊ'.

ಎಸ್‌ಯು ಪಕ್ಕ 'ಡು' ಸೇರಿದರೆ ಸುಡು. ಕಾಲೇಜಿನಲ್ಲಿ ನಾವು ಹಾಗೇ ಅಂತಿದ್ದೆವು, ಕೆಲವು ಸಲ ಸುಟ್ಟಿದ್ದೂ ಉಂಟು. ಇದು ಹುಟ್ಟಿದ್ದು 1980ರ ಸುಮಾರಿಗೆ, ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ. ಬಾಬ್ ಕಾಗ್‌ಶಾಲ್, ಕ್ಲಿಫ್ ಸ್ಪೆನ್ಸರ್ ಅನ್ನೋ ಇಬ್ಬರು ಅಲ್ಲಿನ ವ್ಯಾಕ್ಸ್ ಕಂಪ್ಯೂಟರ್‌ಗೆ ಬರೆದರು. ಸುಡೊ ಕೇಳೋದು ನಿಮ್ಮದೇ ಪಾಸ್‌ವರ್ಡ್. ನೀವು ನೀವೇ ಅಂತ ಖಾತ್ರಿ ಮಾಡಿಕೊಂಡು, ನಿಮಗೆ ಆ ಕೆಲಸದ ಪರವಾನಗಿ ಇದೆಯಾ ಅಂತ ಪಟ್ಟಿ ನೋಡಿ, ಇದ್ದರೆ ಆ ಒಂದು ಕಮಾಂಡನ್ನು ಮಾತ್ರ ರೂಟ್ ಹೆಸರಲ್ಲಿ ನಡೆಸಿ, ನಿಮ್ಮನ್ನು ಮತ್ತೆ ನಿಮ್ಮ ಜಾಗದಲ್ಲೇ ಕೂರಿಸುತ್ತೆ. ಯಾರು, ಯಾವ ಫೋಲ್ಡರ್‌ನಲ್ಲಿ ನಿಂತು, ಯಾವ ಕಮಾಂಡ್, ಎಷ್ಟು ಹೊತ್ತಿಗೆ ಹೊಡೆದರು ಅನ್ನೋದನ್ನು ಬರೆದಿಡುತ್ತೆ. ಪಂಚಮಿ ದಿನ ನಾನು ಸುಡೊ ಬಳಸಿದ್ದರೂ ತಪ್ಪು ಫೋಲ್ಡರ್ ಅಳಿಸುತ್ತಿದ್ದೆನೇನೋ. ಆದರೆ ನನ್ನದೇ ಅಕೌಂಟಿನಿಂದ ಬಳಸಿದ್ದರೆ, ಆ ಸಾಲಿನಲ್ಲಿ ನನ್ನ ಹೆಸರು ಇರುತ್ತಿತ್ತು. ಒಂದಷ್ಟು ದಿನವಾದರೂ ಇರುತ್ತಿತ್ತು.

ಬರೀ ರೂಟ್‌ಗೇ ಅಂತ ಇಲ್ಲ. ಸುಡೊ, ಅಡ್ಡಗೀಟು ಯು, ಆಮೇಲೆ ಒಂದು ಹೆಸರು ಅಂತ ಬರೆದರೆ ಆ ವ್ಯಕ್ತಿಯ ಪರವಾಗಿ ಒಂದು ಕೆಲಸ ಮಾಡಬಹುದು. ಅವರ ಪಾಸ್‌ವರ್ಡ್ ನಿಮಗೆ ಗೊತ್ತಾಗೋದೇ ಬೇಡ.

ಎಚ್ಚರಿಕೆ ಎರಡು. ಉಬುಂಟುನಲ್ಲಿ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಆ ಟರ್ಮಿನಲ್‌ನಲ್ಲಿ ಸುಡೊ 15 ನಿಮಿಷ ಮತ್ತೆ ಕೇಳಲ್ಲ. ಚಹಾ ಕುಡಿಯೋಕೆ ಎದ್ದು ಹೋದರೆ ನಿಮ್ಮ ಕುರ್ಚಿಗೆ ಬಂದವರು ಆ 15 ನಿಮಿಷ ನೀವೇ. ಏಳುವ ಮುಂಚೆ ಸುಡೊ, ಅಡ್ಡಗೀಟು ಕೆ ಅಂತ ಹೊಡೆದರೆ ಮರೆತುಬಿಡುತ್ತೆ. ಎರಡನೇದು ನಮ್ಮ ಆಫೀಸ್‌ಗಳ ರೋಗ: 'ಸುಡೊ ಎಸ್‌ಯು' ಅಂತ ಒಂದು ಸಲ ಹೊಡೆದು ಇಡೀ ಮಧ್ಯಾಹ್ನ ರೂಟ್ ಆಗಿ ಕೂರೋದು. ಸುಡೊ ಬರೆದಿಡೋದು ಆ ಒಂದು ಸಾಲು ಮಾತ್ರ. ಆಮೇಲೆ ನಡೆದ ಐವತ್ತು ಕೆಲಸ ಅದರ ಲೆಕ್ಕದಲ್ಲಿ ಬರಲ್ಲ. ಟೀಮಿನಲ್ಲಿ ಏನಾದರೂ ಬಿದ್ದಾಗ ಎಲ್ಲರಿಗಿಂತ ಹೊಸಬರ ಕಡೆಗೇ ಬೆರಳು ಹೋಗೋದು ಯಾಕೆ ಅಂತ ಯೋಚಿಸಿ ನೋಡಿ. ಸುಡೊ ದೋಷವೇ ಇಲ್ಲದ್ದು ಅಂತಲೂ ಅಲ್ಲ. ಸುಮಾರು ಹತ್ತು ವರ್ಷ ಯಾರ ಕಣ್ಣಿಗೂ ಬೀಳದ ಒಂದು ದೊಡ್ಡ ತೂತು ಅದರಲ್ಲಿತ್ತು, 2021ರ ಜನವರಿಯಲ್ಲಿ ಬೆಳಕಿಗೆ ಬಂತು. ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ.

ಹೆಸರು ಉಳಿಸೋ ಈ ವಿಚಾರ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ನಮ್ಮಪ್ಪನ ಕಾಲದಲ್ಲಿ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಪುಸ್ತಕ ಅವರ ಕೈಯಲ್ಲಿ, ತಿದ್ದುವ ಪೆನ್ನೂ ಅವರ ಕೈಯಲ್ಲಿ. 2001ರ ಹೊತ್ತಿಗೆ ಬಂದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಸೇರಿ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಜನಕ್ಕೆ ನೆನಪಿರೋದು ಆ 15 ರೂಪಾಯಿ. ನನಗೆ ಹಿಡಿಸಿದ್ದು ಬೇರೆ. ಪಹಣಿ ತಿದ್ದುವ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಸಾಲದು ಅಂತ ಬೆರಳಚ್ಚು ಇಟ್ಟರು. ಪಾಸ್‌ವರ್ಡ್ ಆದರೆ ಯಾರೋ ಕದ್ದರು ಅನ್ನಬಹುದು. ಬೆರಳು ಕೊಟ್ಟ ಅಧಿಕಾರಿ ನಾನಲ್ಲ ಅನ್ನೋಕೆ ಬರಲ್ಲ. ಅದಕ್ಕಿಂತ ಹೆಚ್ಚಾಗಿ, ಬೆರಳು ಕೊಡದ ಗುಮಾಸ್ತನ ಮೇಲೆ ಹೊರಿಸೋಕೂ ಬರಲ್ಲ.

ಎಳ್ಳಮಾಸಿ ಮರುದಿನ ಅಕ್ಕನ ಮಷಿನ್ ಹಿಡಿದು ಕೂತೆವು. 'ಸುಡೊ ಆ್ಯಡ್‌ಯೂಸರ್' ಬರೆದು ಹೆಸರು ಕೊಟ್ಟರೆ ಹೊಸ ಅಕೌಂಟ್ ಆಗುತ್ತೆ, ಎರಡು ನಿಮಿಷದ ಕೆಲಸ. ಅಕ್ಕನಿಗೆ ಒಂದು, ಅಳಿಯನಿಗೆ ಒಂದು, ನನಗೊಂದು. ಸುಡೊ ಅಧಿಕಾರ ಅಕ್ಕನಿಗೆ ಮತ್ತು ನನಗೆ. ಆಫೀಸ್ ಅಕೌಂಟಿನಿಂದ ಆ ಅಧಿಕಾರ ತೆಗೆದು, ರೂಟ್ ಪಾಸ್‌ವರ್ಡ್‌ಗೆ ಮತ್ತೆ ಬೀಗ ಹಾಕಿದೆ. ಎಲ್ಲರೂ ನೋಡಬೇಕಾದ ಉದ್ರಿ ಲೆಕ್ಕಕ್ಕೆ ಒಂದು ಗುಂಪು ಮಾಡಿ, ಆ ಗುಂಪಿನವರಿಗಷ್ಟೇ ತೆರೆಯುವ ಫೋಲ್ಡರ್ ಮಾಡಿದೆ. ಅಳಿಯನದು ಒಂದೇ ತಕರಾರು: ಪ್ರಿಂಟರ್ ಕೈಕೊಟ್ಟಾಗ ಅದರ ಸರ್ವಿಸ್ ನಿಲ್ಲಿಸಿ ಚಾಲೂ ಮಾಡೋನು ಅವನೇ, ಅದಕ್ಕೆ ರೂಟ್ ಬೇಕು. ಸುಡೊದ ಪಟ್ಟಿಯಲ್ಲಿ ಅವನಿಗೆ ಆ ಒಂದು ಕಮಾಂಡ್ ಮಾತ್ರ ಬರೆದುಕೊಟ್ಟೆ. ಆ ಪಟ್ಟಿಯನ್ನು ತಿದ್ದೋದು 'ವೈಸುಡೊ' ಮೂಲಕವೇ ಆಗಬೇಕು. ತಪ್ಪು ಬರೆದರೆ ಅದು ಉಳಿಸೋ ಮುಂಚೆ ಹೇಳುತ್ತೆ. ನೇರ ಫೈಲ್ ತೆರೆದು ಒಂದು ಅಕ್ಷರ ಎಡವಟ್ಟಾದರೆ ಸುಡೊನೇ ನಡೆಯದೆ ಹೋಗಬಹುದು, ಮನೆ ಒಳಗೆ ಕೀಲಿ ಇಟ್ಟು ಬಾಗಿಲು ಹಾಕಿಕೊಂಡಂಗೆ.

ಅಕ್ಕನಿಗೆ ಮೊದಲ ದಿನವೇ ಬೇಸರ ಬಂತು. "ದಿನಕ್ಕ ಎಷ್ಟ್ ಸಲ ಪಾಸ್‌ವರ್ಡ್ ಹಾಕ್ಬೇಕೋ ಇದಕ್ಕ?" ಅಂದಳು. ಕ್ಯಾಲೆಂಡರ್ ಮಾತ್ರ ಅವಳೇ ಕಿತ್ತು ಒಳಗಿಟ್ಟಳು.

ಹುಡುಗಿ ಚಿಂಚೋಳಿಯಲ್ಲಿ ಚಿಗವ್ವನ ಮನೆಯಲ್ಲಿದ್ದಾಳೆ, ಅಲ್ಲೇ ಒಂದು ಅಂಗಡಿಯಲ್ಲಿ ಇದೇ ಕೆಲಸ ಮಾಡ್ತಾಳೆ ಅಂತ ತಿಳಿಯಿತು. ಫೋನ್‌ನಲ್ಲಿ ಹೇಳೋ ಮಾತಲ್ಲ. ಅಕ್ಕ, ನಾನು ಸೇಡಂವರೆಗೆ ರೈಲಿಗೆ, ಅಲ್ಲಿಂದ ಬಸ್ಸಿಗೆ ಹೋದೆವು. ಅಕ್ಕ ಕ್ಷಮೆ ಕೇಳಿದಳು. ನಾನು ಆದದ್ದೆಲ್ಲಾ ಹೇಳಿದೆ, ಎಸ್‌ಯು, ಅಡ್ಡಗೀಟು, ಎರಡು ಓಲ್ಡ್ ಫೋಲ್ಡರ್. ಅವಳು ಪೂರ್ತಿ ಕೇಳಿಸಿಕೊಂಡಳು.

"ಆ ಕಂಪ್ಯೂಟರ್‌ನ್ಯಾಗ ನನ್ನ ಹೆಸರು ಎಲ್ಯಾರ ಇತ್ತೇನ್ರಿ ಸರ್?"

ಇಲ್ಲ ಅಂದೆ.

"ಮತ್ತ ನಾನೇ ಅಂತ ಹ್ಯಾಂಗ ಗೊತ್ತಾಯ್ತು ಎಲ್ಲಾರಿಗೂ?"

ಅಕ್ಕ ತಲೆ ತಗ್ಗಿಸಿದಳು. ವಾಪಸ್ ಬಾ ಅಂತ ಕರೆದಳು. ಹುಡುಗಿ ಬರಲ್ಲ ಅಂದಳು, ಆದರೆ ಅಂಗಡಿ ಸುತ್ತಲಿನವರಿಗೆ ಖರೇ ಏನಂತ ಹೇಳ್ರಿ ಅಂದಳು. ಅಕ್ಕ ಹೇಳಿದ್ದಾಳೆ. ನಾನೂ ಇಲ್ಲಿ ಬರೆದಿದ್ದೇನೆ.

ಚಹಾ ಕುಡಿದು ಏಳುವಾಗ ಅವಳೇ ಕೇಳಿದಳು, ಈಗ ಕೆಲಸ ಮಾಡೋ ಅಂಗಡಿಯಲ್ಲೂ ಮೂರು ಜನಕ್ಕೆ ಒಂದೇ ಅಕೌಂಟ್, ಅಲ್ಲಿ ವಿಂಡೋಸ್ ಇದೆ, ಅದರಲ್ಲೂ ಇಂಥದ್ದು ಆಗುತ್ತಾ ಅಂತ. ಆಗುತ್ತೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಅದರ್ ಯೂಸರ್ಸ್. ಅಡ್ಮಿನ್ ಬೇಡ, ಸ್ಟ್ಯಾಂಡರ್ಡ್ ಅಕೌಂಟ್ ಸಾಕು. ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ ಕೀ ಮತ್ತು ಎಲ್ ಒತ್ತಿದರೆ ಪರದೆಗೆ ಬೀಗ. ಕಮಾಂಡ್‌ನಿಂದಲೇ ಬೇರೆಯವರ ಹೆಸರಲ್ಲಿ ಒಂದು ಪ್ರೋಗ್ರಾಂ ನಡೆಸೋಕೆ ಅಲ್ಲೂ 'ರನ್‌ಆ್ಯಸ್' ಇದೆ. 2024ರಿಂದ ವಿಂಡೋಸ್ 11ರ ಹೊಸ ಆವೃತ್ತಿಗೆ ಸುಡೊ ಕೂಡ ಬಂದಿದೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವಳು ಮಡಚಿ ಪರ್ಸ್‌ನಲ್ಲಿಟ್ಟಳು. "ಮಾಲಕರಿಗೆ ಕೇಳಿ ನಾಳೇನೇ ಮಾಡ್ತೀನ್ರಿ" ಅಂದಳು.